ಹತ್ತಿದ ಗೇರಿನಲ್ಲೇ ಇಳಿಯಬೇಕು: ಡೀಸೆಲ್ ಪಿಕಪ್ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮೂರು ವರ್ಷದ ಹಿಂದಿನ ಜುಲೈ. ಟಾಹೋ ಸರೋವರದ ಬಳಿ ನಾಲ್ಕು ದಿನ ಕಳೆದು ವಾಲ್ನಟ್ ಕ್ರೀಕ್‌ಗೆ ಹಿಂತಿರುಗುತ್ತಿದ್ದೆವು. ಗಾಡಿಯಲ್ಲಿ ಆರು ಜನ: ನಾನು, ನನ್ನ ಗಂಡ, ಎಂಟು ಮತ್ತು ಐದು ವರ್ಷದ ಮಕ್ಕಳು, ಸಕಲೇಶಪುರದಿಂದ ಬಂದಿದ್ದ ಅಪ್ಪ, ಅಮ್ಮ. ಅಮ್ಮನ ಮಂಡಿಗೆ ಟೆಂಟಿನ ನೆಲ ಆಗುವುದಿಲ್ಲವೆಂದು ಒಂದು ಟ್ರಾವೆಲ್ ಟ್ರೇಲರ್ ಕೊಂಡಿದ್ದೆವು. ಅದನ್ನು ನಮ್ಮ ಎಸ್‌ಯುವಿಯ ಹಿಂದೆ ಕಟ್ಟಿಕೊಂಡು ಡಾನರ್ ಶಿಖರ ದಾಟಿ ಐ-80ರ ಇಳಿಜಾರಿಗೆ ಬಿದ್ದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು.

ಅರ್ಧ ಗಂಟೆಯಾಗಿರಬೇಕು. ಹಿಂದಿನ ಸೀಟಿನಿಂದ ಅಪ್ಪ, "ಲೈನರ್ ಸುಟ್ಟ ವಾಸನೆ ಬರ್ತಿದೆ. ಬ್ರೇಕ್ ತುಳೀತಾ ಕೂರಬೇಡ ಕಣೆ, ಗೇರ್ ಇಳ್ಸು" ಅಂದರು. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಎಂದಿಗಿಂತ ಕೆಳಗೆ ಹೋಯಿತು, ಗಾಡಿ ನಿಧಾನವಾಗಲಿಲ್ಲ. ಗೇರ್ ಇಳಿಸಿದೆ. ಎಂಜಿನ್ ಕಿರುಚಿತು, ಗಾಡಿ ಹತೋಟಿಗೆ ಬಂತು. ಕಾಲ್ಫ್ಯಾಕ್ಸ್ ಹತ್ತಿರ ರಸ್ತೆ ಬಿಟ್ಟು ನಿಲ್ಲಿಸಿದಾಗ ಮುಂಚಕ್ರಗಳಿಂದ ತೆಳುವಾಗಿ ಹೊಗೆ ಬರುತ್ತಿತ್ತು. ಮಗ ಅದನ್ನು ನೋಡಿ ಖುಷಿಪಟ್ಟ. ನನ್ನ ಕೈ ನಡುಗುತ್ತಿತ್ತು.

ನನ್ನ ಕೆಲಸ ಲೋಹಗಳ ಸವೆತದ ಸಂಶೋಧನೆ. ಡಾಕ್ಟರೇಟ್ ಮಾಡಿದ್ದೂ ಅದರಲ್ಲೇ. ಅಪ್ಪ ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಇಪ್ಪತ್ತೆರಡು ವರ್ಷ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಮೂಟೆ ಸಾಗಿಸಿದವರು. ಆ ದಿನ ಟ್ರೇಲರ್ ನೆರಳಲ್ಲಿ ಕೂತು ಅವರು ಹೇಳಿದ ಮಾತು ಇಷ್ಟೇ: "ಯಾವ ಗೇರಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು. ಈ ಗಾಡಿಗೆ ಈ ಹೇರು ಜಾಸ್ತಿ."

ಮುಂದಿನ ಏಳು ತಿಂಗಳು ನಮ್ಮ ಮನೆಯಲ್ಲಿ ಹೆವಿ ಡ್ಯೂಟಿ ಪಿಕಪ್‌ನದ್ದೇ ಮಾತು. ನೀವೂ ಟ್ರೇಲರ್, ದೋಣಿ, ಕುದುರೆ ಗಾಡಿ ಏನಾದರೂ ಎಳೆಯುವ ಯೋಚನೆಯಲ್ಲಿದ್ದರೆ ಈ ಲೆಕ್ಕ ನಿಮಗೂ ಉಪಯೋಗಕ್ಕೆ ಬಂದೀತು. ಮಕ್ಕಳ ಕನ್ನಡಕ್ಕೂ ಇದರಿಂದ ಏನೋ ಒಂದು ಆಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎಳೆಯುವ ಸಾಮರ್ಥ್ಯ. ನಮ್ಮ ಎಸ್‌ಯುವಿ ಕಾಗದದ ಮೇಲೆ ನಮ್ಮ ಟ್ರೇಲರ್ ಎಳೆಯಬಲ್ಲದಾಗಿತ್ತು. ನಾವು ನೋಡದೆ ಬಿಟ್ಟಿದ್ದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಅಂಚಿನ ಚೀಟಿಯನ್ನು. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ ಇದ್ದದ್ದು ಸುಮಾರು 1,500 ಪೌಂಡ್.

ಟ್ರೇಲರ್‌ನ ಭಾರವೆಲ್ಲ ಅದರ ಚಕ್ರದ ಮೇಲೇ ಇರುವುದಿಲ್ಲ. ಟ್ರಾವೆಲ್ ಟ್ರೇಲರ್ ಆದರೆ ಶೇಕಡಾ 10ರಿಂದ 15ರಷ್ಟು ಭಾರ ಹಿಚ್ ಮೇಲೆ ಕೂರುತ್ತದೆ. ನಾನು ಇದನ್ನು ವಿವರಿಸಲು ಕಾಗದ ತೆಗೆದರೆ ಅಮ್ಮ, "ಎತ್ತಿನ ಗಾಡಿ ಮೂಕಿ ಭಾರ ಅಲ್ವಾ? ಹಿಂದೆ ಜಾಸ್ತಿ ಹೇರಿದ್ರೆ ಮೂಕಿ ಎದ್ದುಬಿಡತ್ತೆ" ಅಂದರು. ಅದೇ. ಆ ಭಾರ ತೀರ ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಸರಿಯಾಗಿದ್ದರೆ ಅದನ್ನು ಗಾಡಿ ಹೊರಬೇಕು.

ನಮ್ಮ ಲೆಕ್ಕ ಹೀಗಿತ್ತು. ತುಂಬಿದ ಟ್ರೇಲರ್ 7,000 ಪೌಂಡ್, ಅದರ ಶೇಕಡಾ 12 ಅಂದರೆ 840. ನಾಲ್ವರು ದೊಡ್ಡವರು 600. ಮಕ್ಕಳಿಬ್ಬರು 110. ನೀರು, ಸೌದೆ, ಸಾಮಾನು 300. ಒಟ್ಟು 1,850 ಪೌಂಡ್. 1,500 ಹೊರುವ ಗಾಡಿಯ ಮೇಲೆ 350 ಪೌಂಡ್ ಹೆಚ್ಚು ಹೇರಿಕೊಂಡು ನಾವು ಸಿಯೆರಾ ಪರ್ವತ ಇಳಿದಿದ್ದೆವು.

ದೊಡ್ಡ ಪಿಕಪ್‌ನಲ್ಲೂ ಇದೇ ಬಲೆಗೆ ಬೀಳಬಹುದು. ಡೀಸೆಲ್ ಎಂಜಿನ್ ಭಾರವಾದ್ದರಿಂದ ಅದು ಹೊರುವ ಸಾಮರ್ಥ್ಯವನ್ನೇ ತಿನ್ನುತ್ತದೆ. ಒಟ್ಟು ತೂಕದ ಮಿತಿ 10,000 ಪೌಂಡ್ ಇರುವ 2500 ಅಥವಾ ಎಫ್-250 ದರ್ಜೆಯ ಡೀಸೆಲ್ ಗಾಡಿ ಹೊರುವುದು ಸಾಮಾನ್ಯವಾಗಿ 2,000 ಪೌಂಡ್ ಆಸುಪಾಸು. 3500 ಅಥವಾ ಎಫ್-350ಕ್ಕೆ ಹೋದರೆ ಸಾವಿರಕ್ಕೂ ಹೆಚ್ಚು ಪೌಂಡ್ ಸಿಗುತ್ತದೆ, ಉದ್ದ ಅಗಲ ಬಹುತೇಕ ಅಷ್ಟೇ. ಬಾಳಿಕೆ ಬೇಕಾದರೆ ಯಂತ್ರ ಮಿತಿಯ ಅಂಚಿನಲ್ಲಿ ದುಡಿಯಬಾರದು. ಲೋಹಕ್ಕೂ ದಣಿವಿದೆ. ಭಾರ ಸ್ವಲ್ಪ ತಗ್ಗಿಸಿದರೆ ಅದರ ಆಯಸ್ಸು ಎಷ್ಟೋ ಪಟ್ಟು ಹೆಚ್ಚುತ್ತದೆ.

ಇಳಿಜಾರಿನ ಲೆಕ್ಕ

ಡೀಸೆಲ್ಲೇ ಯಾಕೆ ಎಂದು ನೀವು ಕೇಳಬಹುದು. ಹತ್ತಲು ಪೆಟ್ರೋಲ್ ಎಂಜಿನ್ ಸಾಕು, ಸ್ವಲ್ಪ ಗದ್ದಲ ಮಾಡುತ್ತದೆ ಅಷ್ಟೆ. ನಮ್ಮ ತೀರ್ಮಾನ ಇಳಿಯುವುದರ ಮೇಲೆ ನಿಂತಿತ್ತು.

ಐ-80ರಲ್ಲಿ ಡಾನರ್ ಶಿಖರದ ಎತ್ತರ 7,239 ಅಡಿ. ಅಲ್ಲಿಂದ ಆಬರ್ನ್‌ವರೆಗೆ ಸುಮಾರು 60 ಮೈಲಿಯಲ್ಲಿ 6,000 ಅಡಿ ಇಳಿಯುತ್ತೀರಿ. ಪಿಕಪ್, ಟ್ರೇಲರ್, ಜನ ಎಲ್ಲ ಸೇರಿ 7 ಟನ್ ಎಂದುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 370 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಬಚ್ಚಲ ಹಂಡೆಯ ಲೆಕ್ಕದಲ್ಲಿ ಏಳು ಹಂಡೆ. ಅದರಲ್ಲಿ ಒಂದು ಪಾಲನ್ನು ಗಾಳಿ ಮತ್ತು ಟೈರು ನುಂಗುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಸುಡಬೇಕು.

ಇಂದಿನ ಹೆವಿ ಡ್ಯೂಟಿ ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಗುಂಡಿ ಒತ್ತಿದರೆ ಟರ್ಬೊದ ರೆಕ್ಕೆಗಳು ಕಿರಿದಾಗಿ ಹೊಗೆಯ ದಾರಿಯನ್ನು ಬಿಗಿ ಮಾಡುತ್ತವೆ. ಎಂಜಿನ್ ಆ ಒತ್ತಡದ ವಿರುದ್ಧ ದುಡಿಯುತ್ತ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ತಣ್ಣಗೆ ಉಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯುವ ಅಪ್ಪನ ಪಾಠವನ್ನೇ ಇದು ಇನ್ನಷ್ಟು ಬಲವಾಗಿ ಮಾಡುತ್ತದೆ. ಅಂದಹಾಗೆ, ಟ್ರೇಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ವೇಗಮಿತಿ 55 ಮೈಲಿ. ಯೊಸೆಮಿಟಿಗೆ 120ರ ದಾರಿ ಹಿಡಿದರೆ ಹಳೆಯ ಪ್ರೀಸ್ಟ್ ಗ್ರೇಡ್ ಬಿಟ್ಟು ಹೊಸ ರಸ್ತೆಯಲ್ಲೇ ಹೋಗಿ. ಹಳೆಯದು ಎರಡೇ ಮೈಲಿಯಲ್ಲಿ ಸುಮಾರು 1,500 ಅಡಿ ಏರುತ್ತದೆ.

ಮೂರು ಮನೆತನ

ಮಾರುಕಟ್ಟೆಯಲ್ಲಿರುವುದು ಮೂರೇ ಮನೆತನ. ಫೋರ್ಡ್ ಸೂಪರ್ ಡ್ಯೂಟಿಯಲ್ಲಿ 6.7 ಲೀಟರ್ ಪವರ್ ಸ್ಟ್ರೋಕ್ ವಿ8. ಶೆವ್ರೊಲೆ ಮತ್ತು ಜಿಎಂಸಿಯಲ್ಲಿ 6.6 ಲೀಟರ್ ಡ್ಯೂರಾಮ್ಯಾಕ್ಸ್ ವಿ8. ರಾಮ್‌ನಲ್ಲಿ 6.7 ಲೀಟರ್ ಕಮಿನ್ಸ್, ಸಾಲಾಗಿ ಆರು ಸಿಲಿಂಡರ್.

ಕಮಿನ್ಸ್ ಹೆಸರು ಕೇಳಿದ್ದೇ ಅಪ್ಪನ ಕಿವಿ ನೆಟ್ಟಗಾಯಿತು. ಅವರ ಎರಡನೇ ಲಾರಿ ಟಾಟಾ 1613, ಅದರಲ್ಲಿದ್ದದ್ದು 5.9 ಲೀಟರ್ ಕಮಿನ್ಸ್. ಟಾಟಾ ಮತ್ತು ಕಮಿನ್ಸ್ 1993ರಲ್ಲಿ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಈ ಎಂಜಿನ್ ತಯಾರಿಸಲು ಹೊರಟವು. ಅಮೆರಿಕದಲ್ಲಿ ಅದೇ ವಂಶದ 5.9 ಲೀಟರ್ ಎಂಜಿನ್ 1989ರ ಡಾಡ್ಜ್ ಪಿಕಪ್‌ಗೆ ಬಂದಿತ್ತು. ಇಂದಿನ 6.7 ಅದರ ಮುಂದಿನ ತಲೆಮಾರು. "ನಮ್ಮ ಲಾರಿ ಮೊಮ್ಮಗ ಇದು" ಎಂದು ಅಪ್ಪ ಮಕ್ಕಳಿಗೆ ಪರಿಚಯಿಸಿದರು.

ಸಾಲಿನ ಆರು ಸಿಲಿಂಡರಿಗೆ ಒಂದು ಸಹಜ ಅನುಕೂಲವಿದೆ. ಕ್ರ್ಯಾಂಕ್ ಶಾಫ್ಟ್‌ಗೆ ಏಳು ಕಡೆ ಬೇರಿಂಗಿನ ಆಸರೆ. ವಿ8ರಲ್ಲಿ ಎಂಟು ಸಿಲಿಂಡರಿಗೆ ಐದು. ಅದುರುವುದೂ ಕಡಿಮೆ. ಹಾಗೆಂದು ವಿ8 ಬಾಳುವುದಿಲ್ಲ ಎಂದಲ್ಲ. ಫೋರ್ಡ್‌ನ 6.7 ಎಂಜಿನ್ 2011ರಲ್ಲಿ ಬಂದಾಗಲೇ ಅದರ ಬ್ಲಾಕ್ ಕಾಂಪ್ಯಾಕ್ಟೆಡ್ ಗ್ರಾಫೈಟ್ ಕಬ್ಬಿಣದ್ದಾಗಿತ್ತು. ಸಾಧಾರಣ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಕಮಿನ್ಸ್ ಅದಕ್ಕೆ ಬಂದದ್ದು 2019ರಲ್ಲಿ. ಹಳೆಯ ಫೋರ್ಡ್ ನೋಡುತ್ತಿದ್ದರೆ 2003ರಿಂದ 2007ರವರೆಗಿನ 6.0 ಲೀಟರ್ ಎಂಜಿನ್ ವಿಷಯದಲ್ಲಿ ಹುಷಾರಾಗಿರಿ. ಅದರ ಹೆಡ್ ಗ್ಯಾಸ್ಕೆಟ್ ಮತ್ತು ಇಜಿಆರ್ ಕೂಲರ್ ತೊಂದರೆ ಹೆಸರುವಾಸಿ.

ಎಂಜಿನ್‌ಗಿಂತ ಮೊದಲು ಗೇರ್‌ಬಾಕ್ಸ್ ಸೋಲುತ್ತದೆ. ಅದರ ಶತ್ರು ಬಿಸಿ. ರಾಮ್‌ನಲ್ಲಿ 2013ರಿಂದ 2024ರವರೆಗೆ ಎರಡು ಬಗೆಯ ಆಟೊಮ್ಯಾಟಿಕ್ ಇದ್ದವು. ಹೆಚ್ಚಿನ ಗಾಡಿಗಳಲ್ಲಿ 68ಆರ್‌ಎಫ್‌ಇ, ಹೆಚ್ಚು ಶಕ್ತಿಯ 3500ರಲ್ಲಿ ಮಾತ್ರ ಭಾರಿ ಕೆಲಸದ ಐಸಿನ್. ಹೊರಗಿನಿಂದ ಎರಡೂ ಒಂದೇ ಗಾಡಿಯಂತೆ ಕಾಣುತ್ತವೆ, ಕೇಳಿ ತಿಳಿದುಕೊಳ್ಳಬೇಕು. ಜಿಎಂ ಗಾಡಿಗಳಲ್ಲಿ 2006ರಿಂದ 2019ರವರೆಗೆ ಆರು ಗೇರಿನ ಆಲಿಸನ್ ಇತ್ತು, 2020ರಿಂದ ಹತ್ತು ಗೇರಿನದ್ದು. ಫೋರ್ಡ್ ಕೂಡ 2020ರಲ್ಲಿ ಹತ್ತು ಗೇರಿಗೆ ಬಂತು.

ಮೂರನೆಯದು ಪಂಪು, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಡೀಸೆಲ್ಲನ್ನು ಅತಿ ಒತ್ತಡದಲ್ಲಿ ಚಿಮ್ಮಿಸುವ ಪಂಪಿಗೆ ಪ್ರತ್ಯೇಕ ಎಣ್ಣೆ ಇಲ್ಲ. ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಿಡ್ಡು. ಅಮೆರಿಕದ ಡೀಸೆಲ್ ಮಾನದಂಡ ಪರೀಕ್ಷೆಯಲ್ಲಿ 520 ಮೈಕ್ರಾನ್‌ವರೆಗಿನ ಸವೆತದ ಗುರುತನ್ನು ಒಪ್ಪುತ್ತದೆ, ಯೂರೋಪಿನದು 460. ಸಿಪಿ4 ಎಂಬ ಬಾಶ್ ಪಂಪು ಒಳಗೇ ಸವೆದು ಮುರಿದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೆ ಹೋಗುತ್ತದೆ. ರಿಪೇರಿ ಹತ್ತು ಸಾವಿರ ಡಾಲರ್ ದಾಟಬಹುದು. 2011ರಿಂದ 2016ರವರೆಗಿನ ಡ್ಯೂರಾಮ್ಯಾಕ್ಸ್‌ನಲ್ಲಿ, 2011ರಿಂದೀಚಿನ ಫೋರ್ಡ್ 6.7ರಲ್ಲಿ ಇದು ಬಂತು. ರಾಮ್‌ನಲ್ಲಿ 2019, 2020ರಲ್ಲಿ ಬಂದು, ಆಮೇಲೆ ಕಂಪನಿ ಆ ಗಾಡಿಗಳನ್ನು ವಾಪಸ್ ಕರೆದು ಹಳೆಯ ಸಿಪಿ3 ಹಾಕಿಕೊಟ್ಟಿತು. ಸಿಪಿ4 ಇರುವ ಗಾಡಿ ಕೊಂಡರೆ ಫ್ಯುಯೆಲ್ ಫಿಲ್ಟರನ್ನು ಹೇಳಿದ ಸಮಯಕ್ಕೆ ಬದಲಿಸಿ, ಜನಜಂಗುಳಿಯಿರುವ ಬಂಕಿನಲ್ಲೇ ಡೀಸೆಲ್ ಹಾಕಿಸಿ. ಅಲ್ಲಿ ನೀರು ಸೇರಿದ ಹಳೆಯ ಡೀಸೆಲ್ ಸಿಗುವ ಸಾಧ್ಯತೆ ಕಡಿಮೆ.

ಹಳೆಯದನ್ನು ಕೊಳ್ಳುವಾಗ

ನಾವು ಹಳೆಯದನ್ನೇ ಕೊಂಡೆವು. ಏಳು ತಿಂಗಳಲ್ಲಿ ನೋಡಿದ್ದು ಹನ್ನೊಂದು ಗಾಡಿ. ಎಣ್ಣೆ ಬದಲಿಸಿದ ರಸೀದಿಗಳನ್ನು ಕೇಳಿ ಓದಿ. ಇಷ್ಟವಾದ ಗಾಡಿಯ ಎಂಜಿನ್ ಆಯಿಲ್ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ನಲವತ್ತು ಡಾಲರ್ ಆಸುಪಾಸು. ಅದು ಎಂಜಿನ್‌ಗೆ ರಕ್ತಪರೀಕ್ಷೆ ಇದ್ದಂತೆ. ಕಬ್ಬಿಣ ಹೆಚ್ಚಿದ್ದರೆ ಸವೆತ, ಸಿಲಿಕಾನ್ ಇದ್ದರೆ ಧೂಳು ನುಗ್ಗಿದೆ, ಸೋಡಿಯಂ ಅಥವಾ ಪೊಟ್ಯಾಶಿಯಂ ಇದ್ದರೆ ಕೂಲೆಂಟ್ ಸೋರಿರಬಹುದು.

ಮೈಲಿ ಮಾತ್ರ ನೋಡಬೇಡಿ, ಎಂಜಿನ್ ಗಂಟೆಯನ್ನೂ ನೋಡಿ. 90,000 ಮೈಲಿಯನ್ನು 2,500 ಗಂಟೆಯಲ್ಲಿ ಓಡಿದ್ದರೆ ಸರಾಸರಿ 36 ಮೈಲಿ ವೇಗ, ಹೆದ್ದಾರಿ ಕಂಡ ಗಾಡಿ. ಅದೇ ಮೈಲಿಗೆ 5,000 ಗಂಟೆಯಾಗಿದ್ದರೆ ನಿಂತಲ್ಲೇ ಉರಿದದ್ದು ಹೆಚ್ಚು. ಈ ಭಾಗಾಕಾರದ ಕೆಲಸ ಮಗಳದು.

ಮಸಿ ಸೋಸುವ ಫಿಲ್ಟರ್ ಕಿತ್ತುಹಾಕಿದ ಗಾಡಿ ಅಗ್ಗಕ್ಕೆ ಸಿಗುತ್ತದೆ, ಮುಟ್ಟಬೇಡಿ. ಅದು ಫೆಡರಲ್ ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ 1998ರಿಂದೀಚಿನ, 14,000 ಪೌಂಡ್‌ವರೆಗಿನ ಡೀಸೆಲ್ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ತಪಾಸಣೆ ಉಂಟು. ಅಲ್ಲಿ ಪಾಸಾಗುವುದಿಲ್ಲ. ಆ ಹೊಗೆ ಸೇರುವುದೂ ನಮ್ಮ ಮಕ್ಕಳ ಎದೆಗೇ. ಕಂಪನಿಗಳೂ ಸಾಚಾ ಅಲ್ಲ. ಹೊಗೆ ನಿಯಂತ್ರಣವನ್ನು ವಂಚಿಸುವ ಸಾಫ್ಟ್‌ವೇರ್ ಆರೋಪದಲ್ಲಿ ಕಮಿನ್ಸ್ 1.675 ಬಿಲಿಯನ್ ಡಾಲರ್ ದಂಡ ಕಟ್ಟಲು ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. 2013ರಿಂದೀಚಿನ ರಾಮ್ ಕೊಳ್ಳುವುದಾದರೆ ಆ ರೀಕಾಲ್ ಬಾಕಿ ಇದೆಯೇ ಎಂದು ವಿನ್ ನಂಬರ್ ಹಾಕಿ ನೋಡಿ.

ತುಕ್ಕು ನೋಡಲು ಮಲಗಲೇಬೇಕು. ಒಂದು ಕಡೆ ಗಾಡಿ ಥಳಥಳಿಸುತ್ತಿತ್ತು, ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಮಾರುವಾತ ಗಾಡಿ ಹುಟ್ಟಿದಾಗಿನಿಂದ ಕ್ಯಾಲಿಫೋರ್ನಿಯಾದಲ್ಲೇ ಇದೆ ಅಂದ. ಟಾರ್ಚ್ ಹಿಡಿದು ಕೆಳಗೆ ತೂರಿದ್ದ ಮಗಳು ಅಲ್ಲಿಂದಲೇ ಕೂಗಿದಳು: "ಅಮ್ಮಾ, ಬಣ್ಣದ ಒಳಗೆ ತುಕ್ಕು ಇದೆ! ಕೆರೆದ್ರೆ ಪುಡಿ ಉದುರತ್ತೆ!" ಆತನಿಗೆ ಅರ್ಥವಾಗಲಿಲ್ಲ, ಮಗು ಏನೋ ಆಡುತ್ತಿದೆ ಎಂದು ನಕ್ಕ. ನಾವು ಥ್ಯಾಂಕ್ಯೂ ಹೇಳಿ ಹೊರಟೆವು. ಇತಿಹಾಸ ತೆಗೆಸಿದಾಗ ಅದು ಐದು ಚಳಿಗಾಲ ಹಿಮದ ನಾಡಿನಲ್ಲಿ ಕಳೆದ ಗಾಡಿ ಎಂದು ಗೊತ್ತಾಯಿತು.

ಕೊನೆಗೆ ಕೊಂಡದ್ದು 2018ರ ರಾಮ್ 3500. ಸಿಪಿ3 ಪಂಪು, ಐಸಿನ್ ಗೇರ್‌ಬಾಕ್ಸ್, ಮುಂದೆ ಮೂವರು ಕೂರುವ ಸೀಟು, 91,000 ಮೈಲಿ, 42,000 ಡಾಲರ್. ಇದೂ ದೋಷವಿಲ್ಲದ ಗಾಡಿಯಲ್ಲ. ಈ ಎಂಜಿನ್‌ಗಳಲ್ಲಿ ಗಾಳಿ ಬಿಸಿ ಮಾಡುವ ಗ್ರಿಡ್ ಹೀಟರ್‌ನ ಬೋಲ್ಟ್ ಸುಟ್ಟು ಕಳಚಿ ಸಿಲಿಂಡರಿಗೆ ಬಿದ್ದ ಪ್ರಕರಣಗಳಿವೆ. ನಾವು ಮೊದಲ ತಿಂಗಳೇ ಅದನ್ನು ಬಿಚ್ಚಿಸಿ ನೋಡಿದೆವು.

ಯಾರು ಕೊಳ್ಳಬಾರದು

ಶಾಲೆ, ಅಂಗಡಿ, ಬಾರ್ಟ್ ನಿಲ್ದಾಣ ಎಂದು ದಿನಕ್ಕೆ ಮೂರು ಮೈಲಿ ಓಡಿಸುವವರಿಗೆ ಈ ಗಾಡಿ ಬೇಡ. ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳಲು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಅದು ಬರುವುದು ಹೆದ್ದಾರಿಯಲ್ಲಿ ಭಾರ ಎಳೆದಾಗ. ಚಿಕ್ಕ ಓಡಾಟದಲ್ಲಿ ಮಸಿ ಕಟ್ಟುತ್ತದೆ, ಅದನ್ನು ಸುಡಲು ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ನೀರಾಗಿಸುತ್ತದೆ. ಮುದ್ದಿನಿಂದ ಸಾಕಿದ ಡೀಸೆಲ್ ದುಡಿದ ಡೀಸೆಲ್‌ಗಿಂತ ಬೇಗ ಕೆಡಬಹುದು. ವರ್ಷಕ್ಕೆ ಎರಡೇ ಸಲ ಟ್ರೇಲರ್ ಎಳೆಯುವವರಾದರೆ ಪೆಟ್ರೋಲ್ ಎಂಜಿನ್‌ನ ಹೆವಿ ಡ್ಯೂಟಿ ಪಿಕಪ್ ಕೊಳ್ಳಿ, ಹೊರುವ ಸಾಮರ್ಥ್ಯವೂ ಹೆಚ್ಚು. ಹೊಸದಾದರೆ ಸುಮಾರು ಹತ್ತು ಸಾವಿರ ಡಾಲರ್ ಉಳಿಯುತ್ತದೆ. ಕೊಳ್ಳುವ ಮೊದಲು ಗರಾಜನ್ನೂ ಅಳೆಯಿರಿ. ನಾಲ್ಕು ಬಾಗಿಲಿನ ಗಾಡಿ ಇಪ್ಪತ್ತು ಅಡಿ ಆಸುಪಾಸು ಅಥವಾ ಇನ್ನೂ ಉದ್ದ ಇರುತ್ತದೆ. ನಮ್ಮದು ಹೊರಗೇ ಮಲಗುತ್ತದೆ.

ಇನ್ನು ಮಕ್ಕಳ ಕನ್ನಡ

ಟ್ರಕ್ ಹುಡುಕಾಟಕ್ಕೆ ಮೊದಲು ನಮ್ಮ ಮನೆಯ ಕನ್ನಡ ಊಟ ಮಾಡು, ಹಲ್ಲುಜ್ಜು, ಗಲಾಟೆ ಮಾಡಬೇಡ ಎಂಬಷ್ಟಕ್ಕೆ ಕುಗ್ಗಿತ್ತು. ಯೋಚಿಸಬೇಕಾದ ಮಾತೆಲ್ಲ ಇಂಗ್ಲಿಷಿನಲ್ಲಿ. ಬೈದರೂ ಪ್ರಯೋಜನವಾಗಿರಲಿಲ್ಲ, ಯಾಕೆಂದರೆ ಹಾಗೆ ಮಾಡುತ್ತಿದ್ದುದು ನಾವೇ. ದುಡ್ಡಿನ ಮಾತು, ಅಪಾಯದ ಮಾತು, ತೀರ್ಮಾನದ ಮಾತು ಬಂದ ಕೂಡಲೇ ನಾನೂ ನನ್ನ ಗಂಡನೂ ಇಂಗ್ಲಿಷಿಗೆ ಜಾರುತ್ತಿದ್ದೆವು.

ಟ್ರಕ್ ವಿಷಯದಲ್ಲಿ ಅದು ಸಾಧ್ಯವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವರು ಅಪ್ಪ, ಅವರಿಗೆ ಇಂಗ್ಲಿಷ್ ಬಾರದು. ಅವರು ಊರಿಗೆ ಹೋದ ಮೇಲೂ ಭಾನುವಾರ ವೀಡಿಯೊ ಕರೆಯಲ್ಲಿ ಆ ವಾರ ನೋಡಿದ ಗಾಡಿಯ ವರದಿ ಒಪ್ಪಿಸಬೇಕಿತ್ತು. ಮಗಳು ಒಂದು ಪುಸ್ತಕದಲ್ಲಿ ಐದು ಕಲಂ ಎಳೆದಳು: ಹೇರು, ಎಂಜಿನ್, ಗೇರ್‌ಬಾಕ್ಸ್, ತುಕ್ಕು, ಬೆಲೆ. ಎಂಜಿನ್, ಗೇರ್‌ಬಾಕ್ಸ್ ಊರಿನ ಗ್ಯಾರೇಜಿನಲ್ಲೂ ಅವೇ ಪದಗಳು, ಅದಕ್ಕೆ ಸಂಕೋಚ ಬೇಡ. ಅವಳಿಗೆ ಹೊಸದಾಗಿ ದಕ್ಕಿದ್ದು ಹೆಸರುಗಳಿಗಿಂತ ಹೆಚ್ಚಾಗಿ ವಾಕ್ಯಗಳು. "ಇದು ಅದಕ್ಕಿಂತ ಅಗ್ಗ, ಆದರೆ ತುಕ್ಕು ಹಿಡಿದಿದೆ." "ಪಂಪು ಕೆಟ್ಟರೆ ಎಲ್ಲಾ ಕೆಡುತ್ತೆ, ಅದಕ್ಕೇ ಇದು ಬೇಡ." ಎರಡು ವರ್ಷದ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿತಿದ್ದಳು. ಹೋಲಿಸುವುದು, ಕಾರಣ ಕೊಡುವುದು, ಒಪ್ಪದೆ ವಾದ ಮಾಡುವುದು ಇಲ್ಲಿ ಬಂತು.

ನಿಮ್ಮ ಮನೆಗೆ ಟ್ರಕ್ ಬೇಕಾಗಿಲ್ಲದಿರಬಹುದು. ಆದರೆ ಈ ವರ್ಷ ಏನೋ ಒಂದು ದೊಡ್ಡದನ್ನು ಕೊಳ್ಳುತ್ತೀರಿ, ಅಥವಾ ರಿಪೇರಿ ಮಾಡಿಸುತ್ತೀರಿ. ಆ ಒಂದು ತೀರ್ಮಾನವನ್ನು ಮಕ್ಕಳ ಮುಂದೆ, ಊರಿನ ಒಬ್ಬ ಹಿರಿಯರನ್ನು ಸೇರಿಸಿಕೊಂಡು, ಪೂರ್ತಿಯಾಗಿ ಕನ್ನಡದಲ್ಲಿ ಮಾಡಿ ನೋಡಿ. ಅವರ ಮಾತನ್ನು ನೀವು ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಮಕ್ಕಳಿಗೆ ಕಾಣಬೇಕು, ಅಷ್ಟೇ.

ಕಳೆದ ಆಗಸ್ಟ್‌ನಲ್ಲಿ ಅದೇ ಇಳಿಜಾರಿನಲ್ಲಿ ಬಂದೆವು. ಅಪ್ಪ ಮುಂದಿನ ಸೀಟಿನಲ್ಲಿದ್ದರು. ಎಕ್ಸಾಸ್ಟ್ ಬ್ರೇಕ್ ಒತ್ತಿ 50ರಲ್ಲಿ ಬಿಟ್ಟೆ. ಟರ್ಬೊ ಗುಂಯ್‌ಗುಟ್ಟಿತು, ಗಾಡಿ ಕೈಹಿಡಿದಂತೆ ಇಳಿಯಿತು. ಹಿಂದಿನಿಂದ ಮಗ ಕೇಳಿದ: "ತಾತ, ವಾಸನೆ ಬರ್ತಿದೆಯಾ?"

ಅಪ್ಪ ಕಿಟಕಿ ಸ್ವಲ್ಪ ಇಳಿಸಿ ಮೂಸಿ ನೋಡಿದರು. "ಪೈನ್ ಮರದ್ದು" ಅಂದರು.